ಕಣದಲ್ಲಿ ತರಕಾರಿ ತೋಟ

ಬೇಲೂರು ಕಡೆಯ ನಮ್ಮೂರಲ್ಲಿ ಈಗ ತೆನೆ ಒಕ್ಕಲು ಯಾರೂ ಕಣ ಮಾಡುವುದಿಲ್ಲ. ರಾಗಿ ತೆನೆಯನ್ನು ಟಾರು ರಸ್ತೆ ಮೇಲೆ ಹರಡುತ್ತಾರೆ, ಇಲ್ಲಾ ಮಿಷನ್ ಕರೆಸುತ್ತಾರೆ. ನಮ್ಮ ಕೇರಿಯ ಏಳು ಮನೆಗೂ ಸೇರಿದ ಕಣ ಪಾಳು ಬಿದ್ದು ಲಂಟಾನ, ಪಾರ್ಥೇನಿಯಂ ತುಂಬಿತ್ತು. ಇತ್ತ ನಾವು ಹೊಲಕ್ಕೆಲ್ಲ ಶುಂಠಿ, ಜೋಳ ಹಾಕಿ, ಕೊತ್ತಂಬರಿ ಸೊಪ್ಪಿಗೂ ಸಂತೆ ಕಾಯುತ್ತಿದ್ದೆವು. ರೈತರ ಮನೆಯಲ್ಲಿ ಹೀಗಾಗಬಾರದು ಅಂತ ನನಗೆ ಬಹಳ ದಿನದಿಂದ ಅನ್ನಿಸುತ್ತಿತ್ತು. ಕಣದಲ್ಲೇ ಎಲ್ಲರೂ ಸೇರಿ ತರಕಾರಿ ಬೆಳೆಯೋಣ ಅಂತ ಮಾತಾಯಿತು.

ಭರಣಿ ಮಳೆ ಬಿದ್ದ ಮಾರನೇ ಬೆಳಗ್ಗೆ ಗುದ್ದಲಿ, ಪಿಕಾಸಿ ಹಿಡಿದು ಹೋದೆವು. ಮೇಲೆ ಎರಡು ಬೆರಳಷ್ಟು ಮಣ್ಣು ಮೆತ್ತಗಾಗಿತ್ತು. ಅದರ ಕೆಳಗೆ ಪಿಕಾಸಿ ಟಣ್ ಅಂತ ಪುಟಿಯಿತು. ವರ್ಷ ವರ್ಷವೂ ನೀರು ಹಾಕಿ, ಎತ್ತು ತುಳಿಸಿ, ಸೆಗಣಿ ಸಾರಿಸಿ, ರೋಣಗಲ್ಲು ಉರುಳಿಸಿದ ನೆಲ ಅಲ್ವಾ! ಕಿತ್ತ ಹೆಂಟೆ ಒಡೆದರೆ ಪದರ ಪದರವಾಗಿ ಬಿಡುತ್ತಿತ್ತು.

ಅಷ್ಟರಲ್ಲಿ ಪಕ್ಕದ ಮನೆಯ ದೊಡ್ಡಪ್ಪ ಕೋಲೂರಿಕೊಂಡು ಬಂದರು. "ಮೊದ್ಲು ಚಪ್ಪಲಿ ಬಿಡ್ರಪ್ಪ. ರಾಶಿ ಪೂಜೆ ಮಾಡಿದ್ ಜಾಗ ಇದು. ಮೇಟಿ ಎಲ್ಲಿತ್ತು ಅಂತನಾದ್ರೂ ಗೊತ್ತೇನ್ರೋ?"

ಮೇಟಿ ಅಂದರೆ ಒಕ್ಕುವಾಗ ಎತ್ತು ಕಟ್ಟಲು ಕಣದ ನಡುವೆ ನೆಡುತ್ತಿದ್ದ ಕಂಬ. ಅದೆಲ್ಲಿತ್ತು ಅಂತ ನಮಗ್ಯಾರಿಗೂ ಗೊತ್ತಿರಲಿಲ್ಲ. ಅವರೇ ಬರಿಗಾಲಲ್ಲಿ ನಡೆದು, ಕೋಲಿನಿಂದ ಅಲ್ಲಲ್ಲಿ ಕುಟ್ಟಿ ನೋಡಿ, ಒಂದು ಕಡೆ ನಿಂತರು. ಅಲ್ಲಿ ಕೆದಕಿದಾಗ ಸುತ್ತ ಕಲ್ಲು ಜಡಿದ ಗುಂಡಿಯ ಬಾಯಿ ಕಾಣಿಸಿತು. ನನ್ನ ಕೈಯೆಲ್ಲ ನಡುಗಿತು. ಚಿಕ್ಕಮ್ಮ ಸೆಗಣಿ ಬೆನಕ ಮಾಡಿ, ಗರಿಕೆ ಸಿಕ್ಕಿಸಿ ಅಲ್ಲೇ ಇಟ್ಟರು. ಮೇಟಿಯ ಸುತ್ತ ಒಂದು ಮಾರು ಜಾಗ ಅಗೆಯಬಾರದು ಅಂತ ತೀರ್ಮಾನವಾಯಿತು. ಆಮೇಲೆ ದೊಡ್ಡಪ್ಪನೇ ಗುದ್ದಲಿ ಕೇಳಿದರು.

ಮಧ್ಯಾಹ್ನ ಮುದ್ದೆ ಉಣ್ಣುವಾಗ ಮನೆಗೊಂದು ಪಾತಿ ಹಂಚಿಕೊಳ್ಳೋಣ ಅನ್ನುವ ಮಾತು ಬಂತು. ಒಪ್ಪದವರೂ ಇದ್ದರು, ಸ್ವಲ್ಪ ಬಿಸಿಯೇ ಆಯಿತು. ದೊಡ್ಡಪ್ಪ ಕೇಳಿದ್ದು ಇಷ್ಟೇ: "ಕಣಾನ ಯಾವತ್ತಾದ್ರೂ ಹಂಚ್ಕಂಡಿದ್ವಾ? ಒಬ್ಬರ ಒಕ್ಕಣೆಗೆ ಎಲ್ರೂ ಮುಯ್ಯಾಳು ಹೋಗ್ತಿದ್ವಿ." ಅಲ್ಲಿಗೆ ಪಾತಿ ಹಂಚುವ ಮಾತು ನಿಂತಿತು. ಈಗ ಕಳೆ, ನೀರು ಎಲ್ಲವೂ ಸರದಿ ಮೇಲೆ. ಸಂತೆಯ ಹಿಂದಿನ ಸಂಜೆ ಕೊಯ್ಲು, ಯಾರಿಗೆಷ್ಟು ಬೇಕೋ ಅಷ್ಟು.

ಅಂಥ ಗಟ್ಟಿ ನೆಲಕ್ಕೆ ತರಕಾರಿ ಬೀಜವನ್ನು ಸುಮ್ನೆ ಹಾಕಿದರೆ ಬರುವುದಿಲ್ಲ. ಮೊದಲು ಹಸಿರು ಗೊಬ್ಬರಕ್ಕೆ ಅಂತ ಅಪ್ಸೆಣಬಿನ ಬೀಜ ಚೆಲ್ಲಿ, 45 ದಿನಕ್ಕೆ ಹೂ ಬರುವ ಹೊತ್ತಲ್ಲಿ ಮಣ್ಣಿಗೇ ಸೇರಿಸಿದೆವು. ಮೇಲೆ ಕೊಟ್ಟಿಗೆ ಗೊಬ್ಬರ. ಬದನೆ, ಹೀರೆ, ಹರಿವೆ ಬೀಜ ಮನೆಮನೆಯ ಬೂದಿ ಡಬ್ಬಿಯಿಂದ ಹೊರಬಂತು. ಸಿಹಿಗುಂಬಳದ ಬೀಜವನ್ನು ಚಿಕ್ಕಮ್ಮ ಹಿತ್ತಲ ಗೋಡೆಗೆ ತಟ್ಟಿದ್ದ ಸೆಗಣಿಯಿಂದ ಒಂದೊಂದಾಗಿ ಬಿಡಿಸಿ ಕೊಟ್ಟರು. ಅಂಗಡಿಯ ಪ್ಯಾಕೆಟ್‌ಗಿಂತ ನನಗೆ ಅದರ ಮೇಲೇ ನಂಬಿಕೆ ಜಾಸ್ತಿ.

ಬೇಲಿಗುಂಟ ಅವರೆ ಹಬ್ಬುತ್ತಿದೆ. ಇಬ್ಬನಿ ಕಾಲಕ್ಕೆ ಸೊಗಡಿನ ಕಾಯಿ ಬಂದಾಗ ಹಿತಕಿದ ಬೇಳೆ ಸಾರನ್ನು ಕಣದಲ್ಲೇ ಒಟ್ಟಿಗೆ ಮಾಡಬೇಕು ಅಂತ ಹೆಂಗಸರು ಮಾತಾಡಿಕೊಂಡಿದ್ದಾರೆ. ಆದರೆ ಮಂಗಗಳು ಆಗಲೇ ಬಂದು ನೋಡಿಕೊಂಡು ಹೋಗಿವೆ. ಕಾವಲಿನ ಸರದಿಯನ್ನು ಈ ವಾರವೇ ಕೂತು ಬರೆಯಬೇಕು.