ನಾಳೆ ರಜೆಯಂತೆ

‘ನಾಳೆ ರಜೆಯಂತೆ.’ ಒಂದನ್ನು ಇನ್ನೊಂದಕ್ಕೆ ಹೋಲಿಸುವ ಉಪಮಾಲಂಕಾರಕ್ಕೆ ಸ್ವಂತ ಉದಾಹರಣೆಯೊಂದನ್ನು ಬರೆಯಿರಿ ಎಂದು ಐದನೆಯ ತರಗತಿಯ ಮಕ್ಕಳಿಗೆ ಹೇಳಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಬರೆದುಕೊಟ್ಟ ವಾಕ್ಯವಿದು. ನಾನು ನಕ್ಕೆ, ತರಗತಿಯೂ ನಕ್ಕಿತು. ಅವನು ಮಾತ್ರ ನಗದೆ, ‘ಅಂತೆ, ಹಾಗೆ, ತೆರದಿ ಮುಂತಾದವು ಉಪಮಾವಾಚಕಗಳು’ ಎಂದು ನಾನೇ ಕಪ್ಪು ಹಲಗೆಯ ಮೇಲೆ ಬರೆದಿದ್ದ ಸಾಲಿನತ್ತ ಬೆರಳು ತೋರಿಸಿದ. ನಾನು ಕೊಟ್ಟ ಗುರುತನ್ನು ಹಿಡಿದೇ ಅವನು ಅಲ್ಲಿಗೆ ತಲುಪಿದ್ದ.

ಉಳಿದವರ ಹಾಳೆಗಳು ‘ಸರಿ’ಯಾಗಿದ್ದವು, ಆದರೆ ಅವನ್ನು ಓದಿ ನನಗೆ ಇನ್ನಷ್ಟು ಕಸಿವಿಸಿಯಾಯಿತು. ಪಾಠದಲ್ಲಿ ಸೀತೆಯ ಮುಖ ಕಮಲದಂತೆ ಅರಳಿದ್ದರಿಂದ ಇವರ ಹಾಳೆಗಳಲ್ಲಿ ಅಕ್ಕನ ಮುಖ, ತಮ್ಮನ ಮುಖ, ಕೊನೆಗೆ ಹಲ್ಲಿಲ್ಲದ ಅಜ್ಜನ ಮುಖವೂ ಕಮಲದಂತೆಯೇ ಅರಳಿದ್ದವು. ಕಮಲವನ್ನು ಕಣ್ಣಾರೆ ಕಂಡವರು ಎಷ್ಟು ಮಂದಿ ಎಂದು ಕೇಳಿದರೆ ಎದ್ದದ್ದು ನಾಲ್ಕೇ ಕೈ. ಉಪಮೇಯ (ಹೋಲಿಸುವ ವಸ್ತು), ಉಪಮಾನ (ಹೋಲಿಕೆಗೆ ತಂದ ವಸ್ತು), ಉಪಮಾವಾಚಕ, ಸಮಾನಧರ್ಮ (ಎರಡರಲ್ಲೂ ಇರುವ ಗುಣ) ಎಂಬ ನಾಲ್ಕು ಹೆಸರುಗಳನ್ನು ತಡವರಿಸದೆ ಒಪ್ಪಿಸಬಲ್ಲ ಮಕ್ಕಳಿಗೆ ಹೋಲಿಕೆಯೊಂದನ್ನು ತಾವೇ ಕಂಡುಹಿಡಿಯುವ ಅಗತ್ಯ ಇದೆಯೆಂದೇ ಅನ್ನಿಸಿರಲಿಲ್ಲ.

ಹಲಗೆಯನ್ನು ಒರೆಸಿ ಎರಡು ವಾಕ್ಯ ಬರೆದೆ: ‘ತಮ್ಮ ಅಣ್ಣನಂತೆ ಉದ್ದವಾಗಿದ್ದಾನೆ’, ‘ತಮ್ಮ ಬಿದಿರಿನಂತೆ ಉದ್ದವಾಗಿದ್ದಾನೆ’. ಎರಡರಲ್ಲೂ ‘ಅಂತೆ’ ಇದೆ, ಇವುಗಳಲ್ಲಿ ಅಲಂಕಾರ ಯಾವುದು ಎಂದು ಕೇಳಿದೆ. ಬಹಳ ಹೊತ್ತು ಯಾರೂ ಬಾಯಿಬಿಡಲಿಲ್ಲ. ‘ಮೊದಲನೆಯದರಲ್ಲಿ ಅಳತೆ ಹೇಳಿದ್ದಾರೆ ಅಷ್ಟೆ, ಎರಡನೆಯದರಲ್ಲಿ ತಮ್ಮ ಕಾಣಿಸ್ತಾನೆ’ ಎಂದಳು ಒಬ್ಬ ಹುಡುಗಿ. ನಾನು ಬರೆಸಿದ್ದ ವ್ಯಾಖ್ಯೆಗಿಂತ ಅವಳ ಮಾತೇ ಚೆನ್ನಾಗಿತ್ತು.

ಅಲ್ಲಿಂದ, ‘ಅಂತೆ’ಯಿಲ್ಲದೆ ಒಂದನ್ನು ಇನ್ನೊಂದೇ ಎಂದುಬಿಡುವ ರೂಪಕಕ್ಕೆ ಹೋಗಲು ಒಗಟುಗಳನ್ನು ಆಶ್ರಯಿಸಿದೆ. ‘ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ’ ಎಂದಕೂಡಲೇ ‘ಮಲ್ಲಿಗೆ!’ ಎಂದು ಹತ್ತಾರು ಬಾಯಿಗಳು ಕೂಗಿದವು. ಮಲ್ಲಿಗೆ ಮೊಸರಿನಂತೆ ಇದೆ ಎಂದು ಒಗಟು ಹೇಳುವುದಿಲ್ಲ. ಮಲ್ಲಿಗೆಯನ್ನು ಬಚ್ಚಿಟ್ಟು ಮೊಸರನ್ನಷ್ಟೇ ಮುಂದಿಡುತ್ತದೆ. ಶಾಸ್ತ್ರದ ಪ್ರಕಾರ ಉಪಮೇಯವನ್ನು ಹೀಗೆ ನುಂಗಿಬಿಟ್ಟರೆ ಅದು ರೂಪಕವನ್ನೂ ದಾಟಿದಂತೆ. ಆದರೆ ಆ ಸೂಕ್ಷ್ಮ ಹತ್ತು ವರ್ಷದವರಿಗೆ ಬೇಡವೆಂದು ಅದರ ಗೊಡವೆಗೆ ಹೋಗಲಿಲ್ಲ.

ಮಧ್ಯಾಹ್ನದ ಅವಧಿ ಪ್ರಾಸದ್ದು. ಸಾಲಿನ ಕೊನೆ ಹೊಂದುವ ಅಂತ್ಯಪ್ರಾಸ ಮಕ್ಕಳಿಗೆ ನೀರು ಕುಡಿದಷ್ಟು ಸುಲಭ. ಕನ್ನಡದ ಹಳೆಯ ಕಾವ್ಯಗಳು ಪಾಲಿಸಿಕೊಂಡು ಬಂದ ಆದಿಪ್ರಾಸವಿರುವುದು ಸಾಲಿನ ಎರಡನೆಯ ಅಕ್ಷರದಲ್ಲಿ, ಅದಕ್ಕೆ ಸಿಂಹ, ಗಜ, ವೃಷಭ, ಅಜ, ಶರಭ, ಹಯ ಎಂಬ ಆರು ಬಗೆಗಳಿವೆ ಎಂದಾಗ ತರಗತಿ ಚುರುಕಾಯಿತು. ಮರ, ಕರು, ಇರುವೆ ಎಂದು ಬರೆದು, ಇವುಗಳ ಎರಡನೆಯ ಅಕ್ಷರದ ವ್ಯಂಜನ ‘ರ್’, ಅದರ ಹಿಂದಿನ ಅಕ್ಷರ ಹ್ರಸ್ವ, ಆದ್ದರಿಂದ ಇವು ಸಿಂಹದ ಗುಂಪು, ಹಿಂದಿನದು ದೀರ್ಘವಾದರೆ ಗಜದ ಗುಂಪು ಎಂದೆ. ಒಬ್ಬ ಎದ್ದು ಬಂದು ‘ತೇರು’ ಸೇರಿಸಿದ. ಅದು ಸೇರದು ಎಂದರೆ ಒಪ್ಪಲಿಲ್ಲ, ಅಕ್ಷರ ಅದೇ ಅಲ್ಲವೇ ಎಂದು ವಾದಿಸಿದ. ಆಗ ಎಲ್ಲರಿಗೂ ಕಣ್ಣು ಮುಚ್ಚಿಸಿ, ಡೆಸ್ಕಿನ ಮೇಲೆ ಬೆರಳು ತಟ್ಟುತ್ತ ‘ಮರ, ಕರು, ಇರುವೆ, ತೇರು’ ಎಂದು ನಿಧಾನವಾಗಿ ಹೇಳಿಸಿದೆ. ನಾಲ್ಕನೆಯ ಪದಕ್ಕೆ ಬೆರಳುಗಳೆಲ್ಲ ಒಂದು ಕ್ಷಣ ತಡೆದು ನಿಂತವು. ‘ಇದು ಆನೆ, ಟೀಚರ್!’ ಎಂದವನೂ ಆ ವಾದಿಯೇ.

ಊರು, ಬೇರು, ಮೋರೆ ಎಂದು ಗಜದ ಹಿಂಡು ಬೆಳೆಯಿತು. ಬಿಂದುವಿನ ವೃಷಭಕ್ಕೆ ಬಂಡಿ, ಗುಂಡು, ದಂಡೆ ಸಿಕ್ಕವು. ಒಂದೇ ವ್ಯಂಜನ ಇಮ್ಮಡಿಸುವ ಒತ್ತಕ್ಷರದ ಹಯಕ್ಕೆ ಅಪ್ಪ, ಕಪ್ಪೆ, ಉಪ್ಪು ಸಿಕ್ಕವು. ಪಾಪ, ವಿಸರ್ಗದ ಅಜಕ್ಕೆ ‘ದುಃಖ’ವೊಂದೇ ಗತಿ, ಆಡು ಒಂಟಿಯಾಗಿಬಿಟ್ಟಿತೆಂದು ಮಕ್ಕಳು ನಿಜಕ್ಕೂ ಮರುಗಿದರು.

ಅವಧಿ ಮುಗಿಯಲು ಐದು ನಿಮಿಷವಿದ್ದಾಗ ಯಾರದೋ ಕಂಪಾಸು ಪೆಟ್ಟಿಗೆ ಕೆಳಗೆ ಬಿತ್ತು. ಕೇಳಿದ್ದನ್ನು ಕೇಳಿದ ಹಾಗೆ ಬರೆಯಿರಿ ಎಂದೆ. ‘ಠಣ್’, ‘ಖಣಲ್’, ‘ಚಳ್’ ಎಂದು ಅನುಕರಣಾವ್ಯಯಗಳು ಬಂದವು. ಒಬ್ಬಳು ಮಾತ್ರ ‘ಠಣ್, ಚಿಲಿಲಿ, ಟಿಕ್’ ಎಂದು ಬರೆದಿದ್ದಳು. ಪೆಟ್ಟಿಗೆ ಬಿದ್ದು, ಒಳಗಿದ್ದದ್ದೆಲ್ಲ ಚೆಲ್ಲಿ, ಕೊನೆಯಲ್ಲಿ ಪೆನ್ಸಿಲು ಉರುಳಿ ಗೋಡೆಗೆ ತಾಗಿದ್ದು ಅವಳ ಕಿವಿಗೆ ಬೇರೆ ಬೇರೆಯಾಗಿ ಕೇಳಿಸಿತ್ತು.

ಮರುದಿನ ರಜೆಯೇನೂ ಇರಲಿಲ್ಲ. ಬೆಳಿಗ್ಗೆ ಹಾಜರಿ ಮುಗಿಸುವ ಮೊದಲೇ ರಜೆಯ ಹುಡುಗ ಮೇಜಿನ ಬಳಿ ಬಂದು ಹಾಳೆಯೊಂದನ್ನು ಇಟ್ಟ. ‘ಹಗಲಿನ ಚಂದ್ರ ಸರಿಯಾಗಿ ಒರೆಸದ ಬೋರ್ಡಿನಂತೆ ಇದ್ದಾನೆ’ ಎಂದಿತ್ತು. ಸಮಾನಧರ್ಮ ಯಾವುದೆಂದು ಕೇಳುವುದು ನನ್ನ ಚಾಳಿ; ಬಾಯಿ ತೆರೆದವಳು ಸುಮ್ಮನಾದೆ. ಅವನೇ ಹೇಳಿದ: ‘ಇದು ಯಾರೋ ಹೇಳಿದ ಅಂತೆ ಅಲ್ಲ ಟೀಚರ್, ಬರುವಾಗ ನಾನೇ ನೋಡಿದ್ದು.’