ಲ್ಯಾಟಿಸ್ ತುಂಬುವ ಮೊದಲು ಪುಡಿಯ ಲೆಕ್ಕ

ಲೋಹದ 3D ಪ್ರಿಂಟಿಂಗ್‌ನಲ್ಲಿ ಭಾಗ ಹಗುರವಾಗಲೆಂದು ಒಳಗೆ ಗಟ್ಟಿ ಲೋಹದ ಬದಲು ಲ್ಯಾಟಿಸ್, ಅಂದರೆ ಒಂದೇ ಆಕಾರ ಮತ್ತೆ ಮತ್ತೆ ಬರುವ ಜಾಲರಿ, ತುಂಬುತ್ತಾರೆ. 50 ಮಿ.ಮೀ. ಬದಿಯ ಒಂದು ಘನ ತಗೊಳ್ಳಿ. ಅಲ್ಯೂಮಿನಿಯಂ-ಸಿಲಿಕಾನ್ ಮಿಶ್ರಲೋಹದಲ್ಲಿ ಗಟ್ಟಿಯಾಗಿ ಮಾಡಿದರೆ ಸುಮಾರು 334 ಗ್ರಾಂ. 1 ಮಿ.ಮೀ. ಹೊರಗೋಡೆ ಬಿಟ್ಟು ಒಳಗೆ 20% ಸಾಂದ್ರತೆಯ (ಜಾಗದ 20% ಮಾತ್ರ ಲೋಹ) ಗೈರಾಯ್ಡ್ ಹಾಳೆ, ಅಂದರೆ ಅಲೆಅಲೆಯಾಗಿ ಬಾಗಿ ಸಾಗುವ ತೆಳು ಗೋಡೆಯ ಲ್ಯಾಟಿಸ್, ತುಂಬಿದರೆ 98 ಗ್ರಾಂ. ಆದರೆ ಅದು ಕಂಪ್ಯೂಟರ್ ಪರದೆಯ ಮೇಲಿನ ತೂಕ. ಲೋಹದ ಪುಡಿಯನ್ನು ಪದರ ಪದರವಾಗಿ ಲೇಸರ್‌ನಿಂದ ಕರಗಿಸುವ 3D ಪ್ರಿಂಟರ್‌ನಿಂದ ಬರುವಾಗ ಒಳಗಿನ ಖಾಲಿ ಜಾಗದಲ್ಲೆಲ್ಲ ಕರಗದ ಪುಡಿ ತುಂಬಿರುತ್ತದೆ. ಆ ಜಾಗದ ಅರ್ಧವನ್ನಷ್ಟೇ ಪುಡಿಯ ಕಣಗಳು ತುಂಬಿವೆ, ಉಳಿದದ್ದು ಕಣಗಳ ನಡುವಿನ ಸಂದು ಅಂದುಕೊಂಡರೂ ಪುಡಿಯೇ 118 ಗ್ರಾಂ!

ಹಾಗಾಗಿ ಪುಡಿ ಹೊರಬರುವ ತೂತುಗಳ ಜಾಗವನ್ನೇ ಮೊದಲು ಗೊತ್ತುಮಾಡಿ. ಗೈರಾಯ್ಡ್ ಹಾಳೆ ಒಳಜಾಗವನ್ನು ಎರಡು ಸುರಂಗಜಾಲಗಳಾಗಿ ಒಡೆಯುತ್ತದೆ; ಒಂದರಿಂದ ಇನ್ನೊಂದಕ್ಕೆ ದಾರಿಯಿಲ್ಲ. ಒಂದಕ್ಕೆ ಮಾತ್ರ ತೂತಿಟ್ಟರೆ ಅರ್ಧ ಪುಡಿ ಒಳಗೇ ಉಳಿಯುತ್ತದೆ. ಎರಡಕ್ಕೂ ಬೇರೆ ಬೇರೆ, ಎದುರುಬದುರು ಎರಡೆರಡು ತೂತು ಬೇಕು: ಒಂದರಲ್ಲಿ ಅನಿಲ ಊದಿದರೆ ಇನ್ನೊಂದರಲ್ಲಿ ಪುಡಿ ಬರುತ್ತದೆ.

ಹಾಳೆಯ ದಪ್ಪ ಹೆಚ್ಚುಕಡಿಮೆ ಸಾಂದ್ರತೆ × ಕೋಶದ (ಮತ್ತೆ ಮತ್ತೆ ಬರುವ ಒಂದು ತುಣುಕಿನ) ಅಳತೆ ÷ 3.1. 20%ಕ್ಕೆ 4 ಮಿ.ಮೀ. ಕೋಶ ಇಟ್ಟರೆ 0.26 ಮಿ.ಮೀ., 5 ಇಟ್ಟರೆ 0.32. ಲೇಸರ್ ಚುಕ್ಕಿಯೇ 0.1 ಮಿ.ಮೀ. ಆಸುಪಾಸು ಇರುವಾಗ 0.3ರ ಕೆಳಗೆ ಇಳಿಯುವುದು ಬೇಡ, ಹಾಳೆ ಅಲ್ಲಲ್ಲಿ ಹರಿಯುತ್ತದೆ. ಕೋಶ ತೀರಾ ದೊಡ್ಡದಾದರೆ ಕಮಾನಿನ ನೆತ್ತಿ ಜೋಲುತ್ತದೆ. ಅಲ್ಲಿ ಸಪೋರ್ಟ್ (ಪ್ರಿಂಟ್ ಆಗುವಾಗ ಕೊಡುವ ಆಸರೆ) ಕೊಟ್ಟರೆ ತೆಗೆಯಲು ಕೈ ಹೋಗದು.

ಮೊದಲು ಪರೀಕ್ಷೆಗೆಂದು ಅದೇ 20% ಗೈರಾಯ್ಡ್‌ನ, ಹೊರಗೋಡೆಯಿಲ್ಲದ 20 ಮಿ.ಮೀ. ಘನ ಪ್ರಿಂಟ್ ಮಾಡಿ ತೂಗಿ. 4.3 ಗ್ರಾಂ ಬರಬೇಕು. 4.9 ಬಂದರೆ ಸಾಂದ್ರತೆ 23% ಆಗಿದೆ ಎಂದರ್ಥ. ಅರೆಕರಗಿದ ಕಣಗಳು ಅಂಟಿ ಹಾಳೆ ದಪ್ಪವಾಗಿದೆ. ಲೇಸರ್ ಆಫ್‌ಸೆಟ್, ಅಂದರೆ ಗೋಡೆಯ ಅಂಚಿನಿಂದ ಲೇಸರ್ ಎಷ್ಟು ಒಳಗೆ ಓಡಬೇಕೆಂಬ ಅಳತೆ, ತಿದ್ದಿ.

ಆಮೇಲಿನ ಕೆಲಸದಲ್ಲಿ ಹಿಂದುಮುಂದು ಮಾಡುವಂತಿಲ್ಲ. 50 ಮಿ.ಮೀ. ಘನವನ್ನು ಅದು ಅಂಟಿಕೊಂಡಿರುವ ಪ್ರಿಂಟಿಂಗ್ ಪ್ಲೇಟ್ ಸಮೇತ ತಿರುಗಿಸುತ್ತ, ಅಲುಗಿಸುತ್ತ ಪುಡಿ ಇಳಿಸಿ, ಬಿದ್ದಿದ್ದನ್ನು ತೂಗಿ. ಲೆಕ್ಕದ 118ಕ್ಕಿಂತ ತೀರಾ ಕಡಿಮೆಯಿದ್ದರೆ ಎಲ್ಲೋ ಕಟ್ಟಿಕೊಂಡಿದೆ. ಪುಡಿ ಖಾಲಿಯಾದ ಮೇಲೇ 300 ಡಿಗ್ರಿ ಸೆಲ್ಸಿಯಸ್‌ನಲ್ಲಿ 2 ಗಂಟೆ ಕಾಯಿಸಿ ಲೋಹದೊಳಗಿನ ಒತ್ತಡ ಇಳಿಸುವುದು, ಕೊನೆಗೆ ವೈರ್‌ಕಟ್ (ವಿದ್ಯುತ್ ಹರಿಯುವ ತಂತಿಯಿಂದ ನೀರಿನಲ್ಲಿ ಪ್ಲೇಟಿನಿಂದ ಕತ್ತರಿಸುವುದು). ಮೊದಲೇ ಕಾಯಿಸಿದರೆ ಪುಡಿ ಹೆಪ್ಪುಗಟ್ಟುತ್ತದೆ, ಮೊದಲೇ ವೈರ್‌ಕಟ್ ಮಾಡಿದರೆ ನೀರು ನುಗ್ಗಿ ಕೆಸರಾಗುತ್ತದೆ. ಅಲ್ಯೂಮಿನಿಯಂ ಧೂಳು ಗಾಳಿಗೆ ಬೆರೆತರೆ ಸ್ಫೋಟಿಸಬಲ್ಲದು: ಆರ್ಗಾನ್ ತುಂಬಿದ ಮುಚ್ಚಿದ ಪೆಟ್ಟಿಗೆ, ಅರ್ಥಿಂಗ್ ಎರಡೂ ಬೇಕು. ಮನೆಯ ವ್ಯಾಕ್ಯೂಮ್ ಕ್ಲೀನರ್ ಅತ್ತ ಸುಳಿಯಲೂ ಬಾರದು.

ಇನ್ನು, ಬರೀ ಬಾಗುವ ಭಾರ ಹೊರುವ ಬ್ರಾಕೆಟ್‌ಗೆ ಇಷ್ಟೆಲ್ಲ ಬೇಕೇ? ಬಹುಪಾಲು ಬೇಡ. ಅಲ್ಲಿ ಭಾರ ಹೊರುವುದು ಹೊರಮೈ. ಮಿಲ್ಲಿಂಗ್‌ ಯಂತ್ರದಲ್ಲಿ ಗಟ್ಟಿ ಲೋಹದಿಂದ ಗುಳಿಗಳನ್ನು ಕೊರೆದು ನಡುವೆ ರಿಬ್ (ಬಲಪಡಿಸುವ ಏಣು) ಉಳಿಸಿದರೆ ಅಗ್ಗವಾಗಿ ಮುಗಿಯುತ್ತದೆ. ಶಾಖ ವಿನಿಮಯಕ, ಮೂಳೆಯ ಇಂಪ್ಲಾಂಟ್, ಪೆಟ್ಟು ತಡೆಯುವ ಭಾಗಗಳಲ್ಲಿ ಲ್ಯಾಟಿಸ್ ತನ್ನ ಖರ್ಚು ತಾನೇ ತೀರಿಸುತ್ತದೆ.