ತಂಬಿಗೆಯ ಮೇಲಿನ ಚುಕ್ಕೆ

ಬ್ರಹ್ಮಪುರದ ಹಳೆಯ ಮನೆ ಬಿಟ್ಟು ಫ್ಲ್ಯಾಟಿಗೆ ಹೋಗುವುದು ನಿಕ್ಕಿಯಾದ ದಿನವೇ ನಮ್ಮ ಯಜಮಾನರು ಹೇಳಿಬಿಟ್ಟರು: "ನಿನ್ನ ಮೂರು ಚೀಲ ಅಲ್ಲಿಗೆ ಬರಂಗಿಲ್ಲ ನೋಡು."

ಗೋಣಿಚೀಲಗಳವು. ಒಳಗೆ ಹಿತ್ತಾಳೆ ತಂಬಿಗೆ, ಚರಿಗೆ, ಕೊಳಗ, ಸೇರು, ಪಾವು, ಗಾಜಿಲ್ಲದ ಎರಡು ಕಂದೀಲು, ಪಂಪು ಹೊಡೆಯುವ ಸ್ಟೋವು, ಸಡಿಲಾದ ಅಡಕತ್ತು. ನನ್ನ ತವರಿನವು ನಾಲ್ಕೈದು ಇರಬಹುದು. ಉಳಿದವೆಲ್ಲ ಮಂದಿಯವು.

ಆಳಂದ, ಚಿಂಚೋಳಿ ಕಡೆ ನಾನು ಶಾಲೆಯ ನೌಕರಿ ಮಾಡುವಾಗ ಸ್ಟೀಲ್ ಪಾತ್ರೆಯವನು ಓಣಿಗೆ ಬರುತ್ತಿದ್ದ. ಹೆಂಗಸರು ಹಳೆಯ ಹಿತ್ತಾಳೆ ಹಾಕಿ ಸ್ಟೀಲಿನ ಡಬ್ಬಿ ತೆಗೆದುಕೊಳ್ಳುತ್ತಿದ್ದರು. ತಪ್ಪು ಅನ್ನಲಾರೆ. ಕಲಾಯಿ ಸವೆದ ಹಿತ್ತಾಳೆಯಲ್ಲಿ ಹುಳಿ ಸಾರು ಇಟ್ಟರೆ ಕಿಲುಬುತ್ತದೆ. ತಿದಿ ಒತ್ತಿ, ನವಸಾಗರದ ಬಿಳಿ ಹೊಗೆ ಎಬ್ಬಿಸಿ, ಕಾದ ಪಾತ್ರೆಗೆ ತವರ ಸವರುತ್ತಿದ್ದ ಕಲಾಯಿಯವನು ಬರುವುದೇ ನಿಂತ ಮೇಲೆ ಅವರಾದರೂ ಏನು ಮಾಡಬೇಕು? ನಾನು ಮಾತ್ರ ಸ್ಟೀಲಿನವನ ಬುಟ್ಟಿಗೆ ಕೈಹಾಕಿ, ಹತ್ತಿಪ್ಪತ್ತು ಹೆಚ್ಚು ಕೊಟ್ಟು, ಹೆಸರು ಕೊರೆಸಿದ್ದನ್ನೇ ಆರಿಸಿ ತರುತ್ತಿದ್ದೆ. ಒಂದು ಚರಿಗೆಯ ಮೇಲೆ ಬೂದಿ, ಹುಣಸೆಹಣ್ಣಿನ ತಿಕ್ಕಾಟಕ್ಕೆ ಹೆಸರೆಲ್ಲ ಅಳಿಸಿ "ವ್ವಳಿಗೆ ತವರಿನಿಂದ" ಅಂತಷ್ಟೇ ಉಳಿದಿದೆ. ಯಾವ ಅವ್ವಳೋ.

ರವಿವಾರ ಭಂಗಾರದ ಚಾಚಾ ಬಂದರು. ನಮ್ಮ ಕಲಬುರಗಿಯಲ್ಲಿ ಗುಜರಿಗೆ ಭಂಗಾರ ಅನ್ನುತ್ತೇವೆ. ಮಹಾಪ್ರಾಣ ಒಂದು ತೆಗೆದರೆ ಚಿನ್ನವೇ. ಅಂಗಳದ ಶಹಾಬಾದ್ ಫರಸಿಯ ಮೇಲೆ ಕರೆಂಟಿನ ತಕ್ಕಡಿ ಇಟ್ಟರು. ಸ್ಟೋವು, ಕಂದೀಲು ಹೋದವು. ಅವ್ವನ ಕೊಳಗವೂ ಹೋಯಿತು, ಅಂದುಕೊಂಡಷ್ಟು ಸಂಕಟವಾಗಲಿಲ್ಲ. ಅವ್ವನ ನೆನಪಿಗೆ ನಾನಿದ್ದೇನೆ.

ಮೂರನೇ ಚೀಲ ಅರ್ಧ ಖಾಲಿಯಾಗಿತ್ತು. ಚಾಚಾ ಒಂದು ತಂಬಿಗೆ ಎತ್ತಿ ಬಿಸಿಲಿಗೆ ಹಿಡಿದವರು ಹಾಗೇ ನಿಂತರು. ಕತ್ತಿನ ಕೆಳಗೆ ಬಳ್ಳಿ, ಬುಡಮೇಲಾದ ವೀಳ್ಯದೆಲೆ, ಪಕ್ಕದಲ್ಲೊಂದು ಚುಕ್ಕೆ. ಎಷ್ಟು ವರ್ಷ ತಿಕ್ಕಿದ್ದೆ ಅದನ್ನು.

"ಅಕ್ಕೋರೆ, ಇದು ಹೂಬಳ್ಳಿ ಅಲ್ರಿ, ಉರ್ದು. ಹೆಸರು ಸವದದ. ಸನ್ ಅದ. ಏಕ್, ತೀನ್, ಪಾಂಚ್..." ಉಗುರಿನಿಂದ ಚುಕ್ಕೆ ತೋರಿಸಿದರು. "ಇದು ಸೊನ್ನಿ."

ವೀಳ್ಯದೆಲೆ ಐದು. ಸುತ್ತಿಗೆಯ ಗುರುತು ಅಂದುಕೊಂಡಿದ್ದ ಚುಕ್ಕೆ ಸೊನ್ನೆ. 1350.

"ಬಹಮನಿ ಕಾಲದ್ದೇನ್ರಿ ಹಂಗಾದ್ರ?" ಅಂದೆ ಗಾಬರಿಯಿಂದ. ಚಾಚಾ ನಕ್ಕುಬಿಟ್ಟರು.

"ಫಸಲಿ ಸನ್ ಅಕ್ಕೋರೆ, ನಿಜಾಮ್ ಸರ್ಕಾರದ್ದು. 590 ಕೂಡಸ್ರಿ."

1940. ಅಜ್ಜನ ಹೊಲದ ಕಾಗದಗಳಲ್ಲೂ ಇದೇ ಫಸಲಿ ಇತ್ತು, ಆಗ ಹೊಳೆಯಲಿಲ್ಲ. ಮನೆಯಲ್ಲಿ ಅಚ್ಚಗನ್ನಡ ಮಾತಾಡುತ್ತಿದ್ದ ಅಜ್ಜ ರುಜು ಹಾಕುತ್ತಿದ್ದದ್ದು ಉರ್ದುವಿನಲ್ಲಿ, ಕಲಿತದ್ದೇ ಅದು. 1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. ಅದಕ್ಕೂ ಎಂಟು ವರ್ಷ ಮೊದಲು ಯಾರೋ ಪಾತ್ರೆ ಅಂಗಡಿಯಲ್ಲಿ ಕುಂತು, ಹಿಂಗ ಬರೀರಿ ಅಂತ ಹೇಳಿ ಕೊರೆಸಿದ್ದಾರೆ.

ಚಾಚಾ ತಂಬಿಗೆಯನ್ನು ತಕ್ಕಡಿಗಿಡಲಿಲ್ಲ, ನನ್ನ ಕೈಗೂ ಕೊಡಲಿಲ್ಲ. ಫರಸಿಯ ಮೇಲೆ ಇಬ್ಬರ ನಡುವೆ ಇಟ್ಟು ಬೀಡಿ ಹಚ್ಚಿದರು. ನಾನೇ ಎತ್ತಿಕೊಂಡೆ. ಆಮೇಲೆ "ವ್ವಳಿಗೆ ತವರಿನಿಂದ" ಎತ್ತಿಕೊಂಡೆ. ಆಮೇಲೆ ಚೀಲದ ಬಾಯಿ ಕಟ್ಟಿದೆ.

ಸಂಜೆ ಯಜಮಾನರು ರೊಕ್ಕ ಎಣಿಸಿ, "ಮೂರು ಚೀಲಕ್ಕ ಇಷ್ಟೇ ಏನು?" ಅಂದರು.

"ಹಿತ್ತಾಳಿ ರೇಟ್ ಇಳದದಂತ್ರಿ," ಅಂದೆ.